ಹಿರಿಯರ ಕೀಲುನೋವೂ ಮನೆಯವರ ಹೊಣೆಯೂ

ನಮ್ಮ ಮನೆಗಳಲ್ಲಿ ಹಿರಿಯರ ಮಂಡಿನೋವಿನಷ್ಟು ಪರಿಚಿತವಾದ, ಪರಿಚಿತವಾದ್ದರಿಂದಲೇ ಅಲಕ್ಷ್ಯಕ್ಕೆ ಗುರಿಯಾದ ವ್ಯಾಧಿ ಇನ್ನೊಂದಿಲ್ಲವೆಂದು ತೋರುತ್ತದೆ. ಜ್ವರ ಬಂದವರಿಗೆ ಅಂದೇ ಔಷಧ ತರಿಸುವ, ಎದೆನೋವೆಂದವರನ್ನು ಅರ್ಧರಾತ್ರಿಯಲ್ಲಾದರೂ ಆಸ್ಪತ್ರೆಗೆ ಕರೆದೊಯ್ಯುವ ಕುಟುಂಬವೇ, ವರ್ಷಗಟ್ಟಲೆ ಗೋಡೆ ಹಿಡಿದು ನಡೆಯುತ್ತಿರುವ ಅಜ್ಜಿಯನ್ನು ಕಂಡು ‘ವಯಸ್ಸಾಯಿತಲ್ಲ’ ಎಂದು ಸಮಾಧಾನ ತಂದುಕೊಳ್ಳುತ್ತದೆ. ಅಜ್ಜಿಯೂ ಅದೇ ಮಾತನ್ನಾಡಿ ತನ್ನ ನೋವನ್ನು ಸೆರಗಿನೊಳಗೆ ಮುಚ್ಚಿಡುತ್ತಾಳೆ. ವಯಸ್ಸು ಈ ವ್ಯಾಧಿಯ ಕಾರಣಗಳಲ್ಲೊಂದು ಎಂಬುದು ನಿಜ; ಆದರೆ ಅಷ್ಟರಿಂದಲೇ ನೋವು ಅನಿವಾರ್ಯವೆಂದೂ ಅದನ್ನು ತಗ್ಗಿಸುವ ಮಾರ್ಗವಿಲ್ಲವೆಂದೂ ಭಾವಿಸುವುದು ಯುಕ್ತವಲ್ಲ. ತೀವ್ರವಾದ ಕೀಲುನೋವನ್ನು ಬುಡಸಹಿತ ಅಳಿಸುವ ಔಷಧ ಇಂದಿಗೂ ಇಲ್ಲ. ಒಂದೊಂದೂ ತನ್ನ ಪಾಲಿನ ಅಲ್ಪಸ್ವಲ್ಪವನ್ನು ಕಳೆಯಬಲ್ಲ ಉಪಾಯಗಳು ಮಾತ್ರ ಹಲವುಂಟು. ಅವುಗಳನ್ನು ಆ ವ್ಯಕ್ತಿಯ ದೇಹಕ್ಕೂ ದಿನಚರಿಗೂ ಹೊಂದುವಂತೆ ಕೂಡಿಸುವ ಕೆಲಸದಲ್ಲಿ ವೈದ್ಯರಿಗಿರುವಷ್ಟೇ ಪಾಲು ಮನೆಯವರಿಗೂ ಇದೆ.

ಆ ಕೆಲಸದ ಮೊದಲ ಹೆಜ್ಜೆ ವ್ಯಾಧಿ ಯಾವುದೆಂದು ನಿಶ್ಚಯಿಸಿಕೊಳ್ಳುವುದು. ಕೀಲುಗಳನ್ನು ಬಾಧಿಸುವ ರೋಗಗಳು ನೂರಕ್ಕೂ ಮಿಗಿಲಾಗಿವೆ. ಹಿರಿಯರಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಸವಕಳಿಯ ಸಂಧಿವಾತ. ನಡೆದಾಗ, ಮೆಟ್ಟಿಲಿಳಿದಾಗ ಹೆಚ್ಚುವ, ಕುಳಿತಾಗ ತಗ್ಗುವ ನೋವು ಅದರದು, ಮತ್ತು ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲಗೊಳ್ಳುತ್ತದೆ. ಎರಡೂ ಕೈಗಳ ಬೆರಳ ಗಿಣ್ಣುಗಳು ಸಮನಾಗಿ ಊದಿಕೊಂಡು, ಬೆಳಗಿನ ಬಿಗಿತ ಗಂಟೆಯನ್ನೂ ಮೀರಿ ಉಳಿಯುವುದಾದರೆ ಅದು ಶರೀರದ ರಕ್ಷಣಾಶಕ್ತಿಯೇ ತನ್ನ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವ ರುಮಟಾಯ್ಡ್ ರೋಗವಾಗಿರಬಹುದು. ಅದಕ್ಕೆ ಬರಿಯ ನೋವಿನ ಮಾತ್ರೆ ಸಾಲದು, ರೋಗದ ವೇಗವನ್ನೇ ತಡೆಯುವ ಮೆಥೊಟ್ರೆಕ್ಸೇಟ್‌ನಂಥ ಔಷಧ ಬೇಕು. ವಾರಕ್ಕೊಮ್ಮೆ ಮಾತ್ರ ಸೇವಿಸಬೇಕಾದ ಆ ಮಾತ್ರೆಯನ್ನು ದಿನವೂ ನುಂಗಿ ಪ್ರಾಣಾಪಾಯಕ್ಕೆ ಸಿಲುಕಿದವರಿರುವುದರಿಂದ, ಅದನ್ನು ನುಂಗಿಸುವ ದಿನವನ್ನು ಮನೆಯ ಒಬ್ಬರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಅವಶ್ಯ. ರಾತ್ರಿ ಹಠಾತ್ತನೆ ಕಾಲಿನ ಹೆಬ್ಬೆರಳು ಕೆಂಪಾಗಿ ಊದಿ ಹೊದಿಕೆಯ ಸ್ಪರ್ಶವನ್ನೂ ಸಹಿಸದಂತಾದರೆ ಅದು ಯೂರಿಕ್ ಆಮ್ಲದ ಹರಳುಗಳಿಂದ ಬರುವ ಗೌಟ್. ಅದರ ಚಿಕಿತ್ಸೆಯೇ ಬೇರೆ. ಇನ್ನು ಒಂದೇ ಕೀಲು ಬಿಸಿಯಾಗಿ ಊದಿಕೊಂಡು ಜೊತೆಗೆ ಜ್ವರವೂ ಬಂದರೆ, ಅಥವಾ ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮಾರನೆಯ ದಿನಕ್ಕಾಗಿ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು. ಮೊದಲನೆಯದು ಕೀಲಿನೊಳಗೆ ಕೀವು ತುಂಬುವ ಸೋಂಕಾಗಿರಬಹುದು, ಎರಡನೆಯದು ಹಳೆಯ ಮಂಡಿನೋವಿನ ಮರೆಯಲ್ಲಿ ಅಡಗಿದ ಸೊಂಟದ ಮೂಳೆಮುರಿತವಾಗಿರಬಹುದು.

ಸವಕಳಿಯ ಸಂಧಿವಾತದ ವಿಷಯವಾಗಿ ಜನರಲ್ಲಿ ಬೇರೂರಿರುವ ಒಂದು ಕಲ್ಪನೆಯನ್ನು ಇಲ್ಲಿ ಪರಿಶೀಲಿಸಬೇಕು. ಮೂಳೆಗಳ ತುದಿಗೆ ಎಳನೀರಿನೊಳಗಿನ ಗಂಜಿಯಂತೆ ಬಿಳುಪಾಗಿ, ನುಣುಪಾಗಿ ಹೊದ್ದಿರುವ ಮೃದ್ವಸ್ಥಿ ಸವೆದುದರಿಂದಲೇ ನೋವೆಂದೂ, ಸವೆತ ಹೆಚ್ಚಾದಷ್ಟೂ ನೋವು ಹೆಚ್ಚೆಂದೂ ಎಲ್ಲರೂ ಭಾವಿಸುತ್ತಾರೆ. ಆದರೆ ಮೃದ್ವಸ್ಥಿಗೆ ನರಗಳೂ ಇಲ್ಲ, ರಕ್ತನಾಳಗಳೂ ಇಲ್ಲ. ಅದು ತಾನಾಗಿ ನೋಯಲಾರದು. ನೋಯುವುದು ಅದರ ಕೆಳಗಿನ ಮೂಳೆ, ಉರಿಯೂತಕ್ಕೀಡಾದ ಒಳಪೊರೆ, ಕೀಲನ್ನು ಬಿಗಿದಿರುವ ಅಸ್ಥಿರಜ್ಜುಗಳು ಮತ್ತು ಬಲಗುಂದಿದ ಸ್ನಾಯುಗಳು. ಆದುದರಿಂದಲೇ ಎಕ್ಸ್‌ರೇಯಲ್ಲಿ ಮಂಡಿಯ ಎಡೆ ಪೂರ್ಣವಾಗಿ ಮುಚ್ಚಿಹೋಗಿದ್ದರೂ ಸಲೀಸಾಗಿ ಓಡಾಡುವ ವೃದ್ಧರಿದ್ದಾರೆ, ಚಿತ್ರದಲ್ಲಿ ಅಲ್ಪವೇ ಸವೆತ ಕಂಡರೂ ರಾತ್ರಿಯೆಲ್ಲ ನರಳುವವರೂ ಇದ್ದಾರೆ. ಈ ಸಂಗತಿಯಲ್ಲಿ ಒಂದು ಆಶ್ವಾಸನೆಯೂ ಅಡಗಿದೆ: ಸವೆದುಹೋದ ಮೃದ್ವಸ್ಥಿಯನ್ನು ಮರಳಿ ತರಲಾಗದಿದ್ದರೂ, ನೋಯುವ ಮಿಕ್ಕ ಅಂಗಗಳನ್ನು ಶಮನಗೊಳಿಸಲು, ಬಲಪಡಿಸಲು ಸಾಧ್ಯವಿದೆ. ಸವೆದ ಮಂಡಿಯನ್ನು ಮತ್ತೆ ಬೆಳೆಸುವುದಾಗಿ ಹೇಳುವ ಪುಡಿ, ಮಾತ್ರೆಗಳ ಜಾಹೀರಾತುಗಳಿಗೆ ಹಣ ಸುರಿಯುವ ಮೊದಲು, ಅವುಗಳಲ್ಲಿ ಪ್ರಸಿದ್ಧವಾದ ಗ್ಲುಕೋಸಮಿನ್ ಅಮೆರಿಕದಲ್ಲಿ ನಡೆದು ೨೦೦೬ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಒಟ್ಟು ರೋಗಿಗಳ ಲೆಕ್ಕಕ್ಕೆ, ಹುಸಿಮಾತ್ರೆಗಿಂತ ಗಣನೀಯವಾಗಿ ಮೇಲೆನಿಸಲಿಲ್ಲವೆಂಬುದನ್ನು ನೆನೆಯುವುದು ಲೇಸು.

ನೋವನ್ನು ಅಳೆಯಲು ವೈದ್ಯರು ಸೊನ್ನೆಯಿಂದ ಹತ್ತರವರೆಗಿನ ಒಂದು ಅಂಕೆಯನ್ನು ಹೇಳಿರೆಂದು ಕೇಳುವುದುಂಟು. ನಮ್ಮ ಹಿರಿಯರಿಗೆ, ಅದರಲ್ಲಿಯೂ ಹೆಂಗಸರಿಗೆ, ಈ ಪ್ರಶ್ನೆ ಅಪರಿಚಿತ. ಮಲೆನಾಡಿನ ಹಳ್ಳಿಯೊಂದರ ಹಳೆಯ ಮನೆಯಲ್ಲಿ ಬಾಳಿದ ನನ್ನ ಸೋದರತ್ತೆ, ‘ಅತ್ತೆ, ನೋವು ಹೇಗಿದೆ?’ ಎಂದರೆ ‘ಏನಿಲ್ಲಪ್ಪ, ವಯಸ್ಸಿನ ನೋವು, ಇದ್ದೇ ಇರುತ್ತೆ’ ಎಂದಷ್ಟೇ ಹೇಳಿ ಕಾಫಿಯ ವಿಚಾರಕ್ಕೆ ತಿರುಗುತ್ತಿದ್ದರು. ‘ತುಳಸಿಕಟ್ಟೆಗೆ ಈಗ ನೀರು ಹಾಕುವವರು ಯಾರು?’ ಎಂದು ಕೇಳಿದಾಗಲೇ ಅವರು ಅಂಗಳಕ್ಕಿಳಿಯುವುದನ್ನು ಬಿಟ್ಟಿದ್ದಾರೆಂಬುದು ತಿಳಿಯಿತು. ಮಾತು ಮುಂದುವರಿದಂತೆ, ಮಗ್ಗುಲು ಬದಲಿಸಿದಾಗಲೆಲ್ಲ ಎಚ್ಚರವಾಗುವುದರಿಂದ ರಾತ್ರಿ ನಿದ್ರೆಯಿಲ್ಲವೆಂಬುದೂ, ಹಿತ್ತಿಲ ಬಚ್ಚಲಿಗೆ ಹೋಗುವ ಯಾತನೆಗೆ ಅಂಜಿ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ನಿಲ್ಲಿಸಿದ್ದಾರೆಂಬುದೂ ಹೊರಬಂದವು. ನೋವು ಎಷ್ಟಿದೆ ಎಂಬುದಕ್ಕಿಂತ ಅದು ಯಾವ ಯಾವ ಕೆಲಸಗಳನ್ನು ಕಸಿದುಕೊಂಡಿದೆ ಎಂಬ ಪ್ರಶ್ನೆಗೆ ಹಿರಿಯರು ಸುಲಭವಾಗಿ ಉತ್ತರ ಕೊಡುತ್ತಾರೆ, ಮತ್ತು ಆ ಉತ್ತರವೇ ಚಿಕಿತ್ಸೆಯ ಗುರಿಯನ್ನು ನಿಶ್ಚಯಿಸುತ್ತದೆ. ನೋವು ಸೊನ್ನೆಗೆ ಇಳಿಯಲಿ ಎಂಬುದು ಈಡೇರದ ಆಸೆ. ರಾತ್ರಿ ನಿದ್ರೆ ಬರಲಿ, ಯಾರ ಕೈಯನ್ನೂ ಹಿಡಿಯದೆ ಬಚ್ಚಲಿಗೆ ಹೋಗುವಂತಾಗಲಿ, ಅಂಗಳದ ತುಳಸಿಯವರೆಗೆ ಕಾಲು ನಡೆಯಲಿ ಎಂಬುವು ಈಡೇರಬಹುದಾದ ಆಸೆಗಳು. ಇವನ್ನು ಒಂದು ಕಾಗದದಲ್ಲಿ ಬರೆದುಕೊಂಡು ವೈದ್ಯರ ಮುಂದಿಡುವುದು ಪ್ರಯೋಜನಕರ, ಏಕೆಂದರೆ ಅಲ್ಲಿ ದೊರಕುವ ಕೆಲವೇ ನಿಮಿಷಗಳಲ್ಲಿ ಹಿರಿಯರು ಸಂಕೋಚದಿಂದ ‘ಪರವಾಗಿಲ್ಲ’ ಎಂದುಬಿಡುತ್ತಾರೆ.

ನೀರು ಕುಡಿಯುವುದನ್ನು ಬಿಟ್ಟ ಆ ಸಣ್ಣ ಸಂಗತಿ ನನ್ನನ್ನು ಬಹಳವಾಗಿ ಕಾಡಿತು, ಏಕೆಂದರೆ ಮೆಡಿಕಲ್ ಅಂಗಡಿಯಿಂದ ತರಿಸಿದ ನೋವಿನ ಮಾತ್ರೆಯೂ ಅದೇ ಸಮಯದಲ್ಲಿ ನಡೆಯುತ್ತಿತ್ತು. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದ ಉರಿಯೂತ ನಿವಾರಕಗಳು ಏನು ಮಾಡುತ್ತವೆಂಬುದನ್ನು ಬ್ರಿಟನ್ನಿನ ಜಾನ್ ವೇನ್ ೧೯೭೧ರಲ್ಲಿ ಆಸ್ಪಿರಿನ್ನಿನ ಮೂಲಕ ತೋರಿಸಿಕೊಟ್ಟರು. ೧೯೮೨ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ಸಂದಿತು. ಊತವನ್ನೂ ನೋವನ್ನೂ ಹೆಚ್ಚಿಸುವ ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯಗಳ ಉತ್ಪತ್ತಿಯನ್ನು ಈ ಮಾತ್ರೆಗಳು ತಡೆಯುತ್ತವೆ. ಆದರೆ ಅದೇ ದ್ರವ್ಯಗಳು ಜಠರದ ಒಳಗೋಡೆಯನ್ನು ಆಮ್ಲದಿಂದ ಕಾಪಾಡುತ್ತವೆ, ಮೂತ್ರಪಿಂಡಗಳಿಗೆ ಸಾಕಷ್ಟು ರಕ್ತ ಹರಿಯುವಂತೆ ನೋಡಿಕೊಳ್ಳುತ್ತವೆ. ಮಂಡಿಯ ನೋವನ್ನು ಕಳೆಯುವ ಮಾತ್ರೆ ಹೊಟ್ಟೆಯಲ್ಲಿ ಹುಣ್ಣನ್ನೂ ರಕ್ತಸ್ರಾವವನ್ನೂ ಉಂಟುಮಾಡುವುದು, ರಕ್ತದೊತ್ತಡವನ್ನು ಏರಿಸುವುದು, ಕಾಲಿನ ಬಾವನ್ನು ಹೆಚ್ಚಿಸುವುದು ಇದರಿಂದಲೇ. ಹೃದಯಕ್ಕೂ ಇವುಗಳಿಂದ ಭಯವುಂಟೆಂಬುದು, ಜಗತ್ತಿನಾದ್ಯಂತ ಬಳಕೆಯಲ್ಲಿದ್ದ ರೋಫೆಕಾಕ್ಸಿಬ್ ಎಂಬ ಮಾತ್ರೆಯನ್ನು ೨೦೦೪ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡಾಗ ಎಲ್ಲರಿಗೂ ಗೊತ್ತಾಯಿತು. ರಕ್ತದೊತ್ತಡಕ್ಕಾಗಿ ಎನಲಾಪ್ರಿಲ್, ಟೆಲ್ಮಿಸಾರ್ಟನ್‌ಗಳಂಥ ಮಾತ್ರೆಯನ್ನೂ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ಸೇವಿಸುತ್ತಿರುವ, ನೀರನ್ನೂ ಕಡಿಮೆ ಕುಡಿಯುವ ವೃದ್ಧರಿಗೆ ಇವುಗಳೊಡನೆ ನೋವಿನ ಮಾತ್ರೆಯೂ ಕೂಡಿತೆಂದರೆ ಮೂತ್ರಪಿಂಡಗಳು ಕೆಲವೇ ದಿನಗಳಲ್ಲಿ ಸೋಲಬಹುದು. ಈ ಮಾತ್ರೆಗಳು ವರ್ಜ್ಯವೆಂದು ನಾನು ಹೇಳುತ್ತಿಲ್ಲ. ನೋವು ಉಲ್ಬಣಿಸಿದ ಕೆಲವು ದಿನಗಳಲ್ಲಿ, ಹೊಟ್ಟೆಯನ್ನು ರಕ್ಷಿಸುವ ಔಷಧದೊಡನೆ, ರಕ್ತಪರೀಕ್ಷೆಯ ಎಚ್ಚರದಲ್ಲಿ ವೈದ್ಯರು ಕೊಟ್ಟಾಗ ಅವು ಮಹದುಪಕಾರಿಗಳು. ಚೀಟಿಯಿಲ್ಲದೆ ತಂದು ವರ್ಷಾನುಗಟ್ಟಲೆ ನುಂಗುವುದು ಮಾತ್ರ ಕೂಡದು.

ಡೈಕ್ಲೋಫೆನಾಕಿನ ಪ್ರಸ್ತಾಪ ಬಂದಾಗಲೆಲ್ಲ ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳು ನೆನಪಾಗುತ್ತವೆ. ಕಳೆದ ಶತಮಾನದ ಕೊನೆಯ ದಶಕದಲ್ಲಿ ಭಾರತದ ರಣಹದ್ದುಗಳು ಕಂಡುಕೇಳರಿಯದ ವೇಗದಲ್ಲಿ ನಾಶವಾಗತೊಡಗಿದುವು. ನೋವು ನಿವಾರಣೆಗಾಗಿ ದನಕರುಗಳಿಗೆ ಕೊಟ್ಟ ಡೈಕ್ಲೋಫೆನಾಕು ಅವುಗಳ ಕಳೇಬರದಲ್ಲಿ ಉಳಿದು, ಅದನ್ನು ತಿಂದ ಪಕ್ಷಿಗಳ ಮೂತ್ರಪಿಂಡಗಳನ್ನು ಹಾಳುಮಾಡಿತೆಂಬ ಸತ್ಯವನ್ನು ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯೊಂದು ೨೦೦೪ರಲ್ಲಿ ಹೊರಗೆಡಹಿತು. ೨೦೦೬ರಲ್ಲಿ ಭಾರತವು ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು, ೨೦೧೨ರಲ್ಲಿ ರಾಮದೇವರ ಬೆಟ್ಟ ರಣಹದ್ದುಗಳ ಅಭಯಧಾಮವಾಯಿತು. ಮನುಷ್ಯನ ಶರೀರ ಆ ಪಕ್ಷಿಯಷ್ಟು ಸೂಕ್ಷ್ಮವಲ್ಲ, ಹೋಲಿಕೆಯನ್ನು ಹಿಗ್ಗಿಸುವುದು ತರವಲ್ಲ. ಆದರೂ ಔಷಧವೊಂದು ಯಾವ ಅಂಗದ ಮೇಲೆ ಭಾರ ಹೇರುತ್ತದೆಂಬುದಕ್ಕೆ ಇದಕ್ಕಿಂತ ಕರುಣಾಜನಕವಾದ ಸಾಕ್ಷ್ಯ ನಮ್ಮ ನಾಡಿಗೆ ಬೇರೆ ಬೇಕಿಲ್ಲ.

ಅದೇ ಡೈಕ್ಲೋಫೆನಾಕು ಮುಲಾಮಿನ ರೂಪದಲ್ಲಿ ಹೆಚ್ಚು ಸೌಮ್ಯ. ಮಂಡಿ, ಬೆರಳುಗಳಂತೆ ಚರ್ಮಕ್ಕೆ ಸಮೀಪವಿರುವ ಕೀಲುಗಳಿಗೆ ಅದನ್ನು ನಿಯಮದಂತೆ ಹಚ್ಚಿದರೆ ಸಾಕಷ್ಟು ಉಪಶಮನ ದೊರೆಯುತ್ತದೆ, ರಕ್ತಕ್ಕೆ ಸೇರುವುದೋ ಬಹಳ ಸ್ವಲ್ಪ. ಹಿರಿಯರ ಚಿಕಿತ್ಸೆಯನ್ನು ಇಲ್ಲಿಂದಲೇ ಆರಂಭಿಸಬೇಕೆಂಬುದು ಇಂದಿನ ತಜ್ಞರ ಅಭಿಮತ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ನಿನ ಮುಲಾಮೂ ಉಂಟು. ಮೊದಮೊದಲು ಉರಿದರೂ ಕೆಲವು ವಾರಗಳಲ್ಲಿ ನೋವಿನ ನರಗಳನ್ನು ಅದು ಮಂಕುಗೊಳಿಸುತ್ತದೆ, ಹಚ್ಚಿದ ಕೈ ಕಣ್ಣಿಗೆ ತಾಗದಂತೆ ಮಾತ್ರ ಜಾಗ್ರತೆ ವಹಿಸಬೇಕು. ಪ್ಯಾರಾಸಿಟಮಾಲ್ ಈ ನೋವಿನಲ್ಲಿ ಹಿಂದೆ ಎಣಿಸಿದಷ್ಟು ಸಮರ್ಥವಲ್ಲವೆಂದು ಈಚಿನ ಪರೀಕ್ಷೆಗಳಿಂದ ತಿಳಿದುಬಂದಿದ್ದರೂ, ಬೇರೆ ಮಾತ್ರೆಗಳನ್ನು ತಡೆಯಲಾರದ ದೇಹಕ್ಕೆ ಅದು ಆಧಾರವಾಗಬಲ್ಲದು. ಹಿರಿಯರಿಗೆ ದಿನವೊಂದಕ್ಕೆ ೩ ಗ್ರಾಮನ್ನು, ಎಂದರೆ ೬೫೦ ಮಿಲಿಗ್ರಾಮಿನ ಮಾತ್ರೆಗಳಾದರೆ ನಾಲ್ಕನ್ನು, ಮೀರದಿರುವುದು ಕ್ಷೇಮ. ದೇಹ ಕೃಶವಾಗಿದ್ದರೆ ಅಥವಾ ಯಕೃತ್ತಿನ ತೊಂದರೆಯಿದ್ದರೆ ಅದಕ್ಕಿಂತಲೂ ಕಡಿಮೆ. ಇಲ್ಲಿ ಒಂದು ಎಚ್ಚರಿಕೆ: ಅಂಗಡಿಯಲ್ಲಿ ‘ನೋವಿನ ಮಾತ್ರೆ’ ಎಂದು ಕೊಡುವ ಎಷ್ಟೋ ಮಾತ್ರೆಗಳಲ್ಲಿ ಅಸೆಕ್ಲೋಫೆನಾಕಿನೊಡನೆ ಪ್ಯಾರಾಸಿಟಮಾಲೂ ಬೆರೆತಿರುತ್ತದೆ, ನೆಗಡಿಯ ಮಾತ್ರೆಯಲ್ಲಿಯೂ ಅದೇ ಇರುತ್ತದೆ, ಬೇರೆ ಬೇರೆ ಹೆಸರಿನ ಮೂರು ಮಾತ್ರೆಗಳನ್ನು ನುಂಗಿದವರು ಒಂದೇ ಔಷಧವನ್ನು ಮೂರು ಪಟ್ಟು ಸೇವಿಸಿರುವುದು ಅಸಂಭವವಲ್ಲ. ಟ್ರಾಮಡಾಲ್‌ನಂಥ ಪ್ರಬಲ ಮಾತ್ರೆಗಳು ವೃದ್ಧರಲ್ಲಿ ಮಲಬದ್ಧತೆಯನ್ನೂ ತಲೆಸುತ್ತನ್ನೂ ಬುದ್ಧಿಭ್ರಮೆಯನ್ನೂ ತರುವುದರಿಂದ, ಅವುಗಳನ್ನು ಆರಂಭಿಸಿದ ವಾರದಲ್ಲಿ ಹಿರಿಯರು ರಾತ್ರಿ ಒಬ್ಬರೇ ಎದ್ದು ನಡೆಯದಂತೆ ನೋಡಿಕೊಳ್ಳಬೇಕಾಗುತ್ತದೆ.

ಇನ್ನೊಂದು ಅಪಾಯವನ್ನು ಸ್ಪಷ್ಟವಾಗಿ ಹೇಳದೆ ವಿಧಿಯಿಲ್ಲ. ಸಂತೆಯಲ್ಲಿಯೋ, ಯಾರೋ ಹೇಳಿದ ಊರಿನಲ್ಲಿಯೋ, ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ಪುಡಿಯನ್ನು ಸೇವಿಸಿ ಎರಡೇ ದಿನಗಳಲ್ಲಿ ಎದ್ದು ಓಡಾಡಿದವರ ಕಥೆಗಳನ್ನು ನಾವೆಲ್ಲರೂ ಕೇಳಿದ್ದೇವೆ. ಇಂಥ ಕೆಲವು ಪುಡಿಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದು ಪತ್ತೆಯಾಗಿದೆ. ೧೯೪೮ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ರುಮಟಾಯ್ಡ್ ರೋಗದಿಂದ ಹಾಸಿಗೆ ಹಿಡಿದಿದ್ದ ಮಹಿಳೆಗೆ ಕಾರ್ಟಿಸೋನ್ ಎಂಬ ಸ್ಟೆರಾಯ್ಡನ್ನು ಕೊಟ್ಟಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದದ್ದು ಜಗತ್ತನ್ನು ಬೆರಗುಗೊಳಿಸಿತ್ತು, ಎರಡು ವರ್ಷಗಳಲ್ಲಿ ನೊಬೆಲ್ ಪಾರಿತೋಷಕವನ್ನೂ ತಂದಿತು. ಆದರೆ ದೀರ್ಘಕಾಲ ಸೇವಿಸಿದರೆ ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು ಎಂಬ ಕಷ್ಟಗಳೂ ಬಹುಬೇಗನೆ ಅರಿವಿಗೆ ಬಂದವು. ಅಳತೆಯೇ ಗೊತ್ತಿಲ್ಲದೆ ಅದೇ ದ್ರವ್ಯವನ್ನು ವರ್ಷಗಟ್ಟಲೆ ನುಂಗುವವರ ಗತಿಯನ್ನು ಊಹಿಸಬಹುದು. ಅದನ್ನು ಒಮ್ಮೆಲೇ ನಿಲ್ಲಿಸುವುದೂ ಪ್ರಾಣಾಂತಿಕವಾಗಬಹುದಾದ್ದರಿಂದ, ಇಂಥ ಪುಡಿ ಮನೆಯಲ್ಲಿದ್ದರೆ ಹಿರಿಯರನ್ನು ಗದರದೆ ಪೊಟ್ಟಣವನ್ನೇ ವೈದ್ಯರ ಬಳಿಗೆ ಕೊಂಡೊಯ್ಯುವುದು ಉಚಿತ.

ಎಣ್ಣೆ, ಶಾಖಗಳ ಮಾತು ಬೇರೆ. ಮಹಾನಾರಾಯಣ ತೈಲವನ್ನೋ ಬೆಚ್ಚಗಿನ ಎಳ್ಳೆಣ್ಣೆಯನ್ನೋ ಹಚ್ಚಿ ಮೃದುವಾಗಿ ತಿಕ್ಕಿ, ಲಕ್ಕಿಸೊಪ್ಪು ಕುದಿಸಿದ ಬಿಸಿನೀರು ಹಾಕುವ ನಮ್ಮ ಪದ್ಧತಿ, ಬಿಗಿದ ಸ್ನಾಯುಗಳನ್ನು ಸಡಿಲಿಸಿ ಬೆಳಗಿನ ಮೊದಲ ಹೆಜ್ಜೆಗಳನ್ನು ಸುಗಮಗೊಳಿಸುತ್ತದೆ. ಅದಕ್ಕೂ ಮಿಗಿಲಾಗಿ, ಹಗಲೆಲ್ಲ ಯಾರೂ ಮುಟ್ಟಿ ಮಾತನಾಡಿಸದ ವೃದ್ಧ ಶರೀರಕ್ಕೆ ಮಗಳ, ಸೊಸೆಯ, ಮೊಮ್ಮಗನ ಕೈ ತಾಗುವುದು ಅಲ್ಪವಾದ ಲಾಭವಲ್ಲ. ಮಧುಮೇಹದಿಂದ ಕಾಲಿನ ಸ್ಪರ್ಶಜ್ಞಾನ ಕುಂದಿದವರಿಗೆ ಬಿಸಿನೀರಿನ ಚೀಲ ಸುಟ್ಟರೂ ತಿಳಿಯದಾದ್ದರಿಂದ ಅದನ್ನು ಬಟ್ಟೆಯಲ್ಲಿ ಸುತ್ತಿ, ಮೊದಲು ನಮ್ಮ ಕೈಮೇಲಿಟ್ಟು ನೋಡಿ ಕೊಡಬೇಕು.

ಔಷಧಗಳೆಲ್ಲಕ್ಕಿಂತ ಮಿಗಿಲಾದ, ಆದರೆ ಹೇಳಿದರೆ ಯಾರೂ ನಂಬದ ಚಿಕಿತ್ಸೆ ವ್ಯಾಯಾಮ. ನೋಯುವ ಕಾಲಿಗೆ ವಿಶ್ರಾಂತಿಯೇ ಹಿತವೆಂದು ಕುಳಿತುಬಿಟ್ಟರೆ ತೊಡೆಯ ಮುಂಭಾಗದ ಸ್ನಾಯು ಕ್ಷೀಣಿಸುತ್ತದೆ, ಅದು ಹೊರುತ್ತಿದ್ದ ಭಾರವೂ ಮಂಡಿಯ ಮೇಲೆಯೇ ಬೀಳುತ್ತದೆ, ನೋವು ಇಮ್ಮಡಿಸುತ್ತದೆ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೀಳವಾಗಿ ಚಾಚಿ, ಐದನ್ನು ಎಣಿಸುವವರೆಗೆ ಹಿಡಿದು, ಮೆಲ್ಲನೆ ಇಳಿಸುವ ಸರಳ ಅಭ್ಯಾಸವನ್ನು ದಿನವೂ ನಡೆಸಿದರೆ ಕೆಲವು ವಾರಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಆರಂಭದಲ್ಲಿ ನೋವು ತುಸು ಹೆಚ್ಚುವುದು ಸಹಜ. ಮಾರನೆಯ ದಿನಕ್ಕೂ ಅದು ಉಳಿದರೆ ಎಣಿಕೆಯನ್ನು ಕಡಿಮೆ ಮಾಡಿದರಾಯಿತು. ಫಿಸಿಯೋಥೆರಪಿಯವರು ಒಮ್ಮೆ ಮನೆಗೆ ಬಂದು ಹೇಳಿಕೊಟ್ಟರೆ ಉತ್ತಮ. ಸ್ಥೂಲದೇಹಿಗಳು ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿಯೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು ೨೦೦೫ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿತು. ಊರುಗೋಲನ್ನು ನೋಯುವ ಕಾಲಿನ ಕಡೆಯಲ್ಲಿ ಹಿಡಿಯುವುದು ಬಹುಮಂದಿಯ ಅಭ್ಯಾಸ. ಹಿಡಿಯಬೇಕಾದದ್ದು ಎದುರು ಕೈಯಲ್ಲಿ. ಕೈಯನ್ನು ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಯವರೆಗೆ ಕೋಲಿನ ಹಿಡಿಕೆ ಬರಬೇಕು, ತುದಿಗೆ ಸವೆಯದ ರಬ್ಬರು ಇರಬೇಕು.

ಮನೆಯ ವ್ಯವಸ್ಥೆಯೂ ಚಿಕಿತ್ಸೆಯ ಒಂದಂಗವೆಂದು ನಾನು ಬಲವಾಗಿ ನಂಬಿದ್ದೇನೆ. ನೆಲದಲ್ಲಿ ಚಕ್ಕಳಮಟ್ಟ ಹಾಕಿ ಊಟ, ಪೂಜೆ, ತರಕಾರಿ ಹೆಚ್ಚುವುದು, ಕುಕ್ಕುರುಗಾಲಿನಲ್ಲಿ ಶೌಚ: ನಮ್ಮ ಜೀವನಕ್ರಮವೆಲ್ಲ ಮಂಡಿಯನ್ನು ಪೂರ್ಣವಾಗಿ ಮಡಿಸುವಂಥದು, ಮತ್ತು ಮಡಿಸಿ ಏಳುವ ಆ ಕ್ಷಣವೇ ಹಿರಿಯರಿಗೆ ಅತಿ ಕಠಿಣವಾದದ್ದು. ದೇವರಮನೆಯಲ್ಲಿ ಒಂದು ಎತ್ತರದ ಕುರ್ಚಿಯನ್ನಿಟ್ಟರೆ ದೇವರಿಗೆ ಅಪಚಾರವಾಗುವುದಿಲ್ಲ. ಬಚ್ಚಲಿನಲ್ಲಿ ಕಮೋಡ್, ಅದಾಗದಿದ್ದರೆ ಮಧ್ಯೆ ತೆರವಿರುವ ಕಮೋಡ್ ಕುರ್ಚಿ, ಗೋಡೆಗೆ ಭದ್ರವಾದ ಹಿಡಿಕೆ, ಹಾಸಿಗೆಯಿಂದ ಅಲ್ಲಿಯವರೆಗೆ ರಾತ್ರಿಯ ದೀಪ. ಇವಿಷ್ಟನ್ನು ಒದಗಿಸಿದ ಮೇಲೆ ನನ್ನ ಸೋದರತ್ತೆ ಯಾರೂ ಹೇಳದೆಯೇ ಸಂಜೆಯ ನೀರನ್ನು ಕುಡಿಯತೊಡಗಿದರು. ವೈದ್ಯರು ನೋವಿನ ಮಾತ್ರೆಯನ್ನು ನಿಲ್ಲಿಸಿ ಮುಲಾಮಿಗೂ ವ್ಯಾಯಾಮಕ್ಕೂ ಬದಲಿಸಿದರು. ನೋವು ಪೂರ್ಣವಾಗಿ ಹೋಗಲಿಲ್ಲ, ನಿದ್ರೆ ಮಾತ್ರ ಬಂತು.

ಇಷ್ಟೆಲ್ಲ ಮಾಡಿದರೂ ತಗ್ಗದ ನೋವಿಗೆ ಮುಂದಿನ ಮಾರ್ಗಗಳಿವೆ. ಮಂಡಿಯೊಳಗೆ ಕೊಡುವ ಸ್ಟೆರಾಯ್ಡ್ ಚುಚ್ಚುಮದ್ದು ಕೆಲವು ವಾರಗಳ ಬಿಡುವನ್ನು ನೀಡುತ್ತದೆ. ಮನೆಯಲ್ಲಿ ಮದುವೆಯೋ ಪ್ರಯಾಣವೋ ಇದ್ದಾಗ ಅಷ್ಟೇ ದೊಡ್ಡ ಉಪಕಾರ, ಮೇಲಿಂದ ಮೇಲೆ ತೆಗೆದುಕೊಳ್ಳತಕ್ಕದ್ದಲ್ಲ. ಕೃತಕ ಮಂಡಿಯ ಶಸ್ತ್ರಕ್ರಿಯೆ ಎಲ್ಲಕ್ಕಿಂತ ನಿರ್ಣಾಯಕವಾದದ್ದು. ಈ ಕೀಲುಗಳು ಹತ್ತು ವರ್ಷವೂ ಬಾಳುವುದಿಲ್ಲವೆಂಬ ಭಯ ನಿರಾಧಾರ. ೨೦೧೯ರಲ್ಲಿ ಪ್ರಕಟವಾದ, ಹಲವು ದೇಶಗಳ ದಾಖಲೆಗಳನ್ನಾಧರಿಸಿದ ಲೆಕ್ಕದಂತೆ, ನೂರರಲ್ಲಿ ಸುಮಾರು ೮೨ ಕೃತಕ ಮಂಡಿಗಳು ೨೫ ವರ್ಷಗಳ ನಂತರವೂ ಕೆಲಸಮಾಡುತ್ತಿದ್ದವು. ೨೦೧೭ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಇವುಗಳ ಬೆಲೆಗೆ ಮಿತಿ ಹಾಕಿ, ಸಾಮಾನ್ಯ ಬಳಕೆಯ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ತೆರಿಗೆ ಬಿಟ್ಟು ೫೪,೭೨೦ ರೂಪಾಯಿಗಳೆಂದು ನಿಗದಿಮಾಡಿದ ಮೇಲೆ ಮಧ್ಯಮ ವರ್ಗದವರಿಗೆ ಇದು ತುಸು ಹತ್ತಿರವಾಯಿತು. ಶಸ್ತ್ರಕ್ರಿಯೆಯಾದ ಹತ್ತು ಮಂದಿಯಲ್ಲಿ ಒಬ್ಬಿಬ್ಬರಿಗೆ ನೋವು ಉಳಿದುಕೊಳ್ಳುವುದೆಂಬುದನ್ನೂ, ನಂತರದ ತಿಂಗಳುಗಳ ವ್ಯಾಯಾಮದಲ್ಲಿ ಬೇಸರಿಸಿದರೆ ಹೊಸ ಮಂಡಿ ಮಡಿಯದೆ ಬಿಗಿದುಕೊಳ್ಳುವುದೆಂಬುದನ್ನೂ ಮೊದಲೇ ತಿಳಿದಿರಬೇಕು. ಹುಟ್ಟಿದ ವರ್ಷವೊಂದನ್ನೇ ನೋಡಿ ‘ಈ ವಯಸ್ಸಿನಲ್ಲಿ ಬೇಡ’ ಎಂದು ಮಕ್ಕಳು ತೀರ್ಮಾನಿಸುವುದು ನ್ಯಾಯವಲ್ಲ; ಹೃದಯ, ಶ್ವಾಸಕೋಶಗಳ ಸ್ಥಿತಿಯನ್ನು ವೈದ್ಯರು ಪರೀಕ್ಷಿಸಿದ ಮೇಲೆ, ನಿರ್ಧರಿಸಬೇಕಾದವರು ಆ ಹಿರಿಯರೇ. ಶಸ್ತ್ರಕ್ರಿಯೆಯನ್ನು ದೇಹ ತಾಳದಿದ್ದರೆ, ಮಂಡಿಯಿಂದ ನೋವಿನ ಸಂದೇಶವನ್ನೊಯ್ಯುವ ಸಣ್ಣ ನರಗಳನ್ನು ಸೂಜಿಯ ಮೂಲಕ ರೇಡಿಯೋ ತರಂಗಗಳ ಶಾಖದಿಂದ ನಿಷ್ಕ್ರಿಯಗೊಳಿಸುವ ವಿಧಾನವೂ ಉಂಟು. ದೊಡ್ಡ ಆಸ್ಪತ್ರೆಗಳ ನೋವು ಚಿಕಿತ್ಸಾ ವಿಭಾಗದಲ್ಲಿ ವಿಚಾರಿಸಬಹುದು.

ಮರೆವಿನ ರೋಗಕ್ಕೀಡಾಗಿ, ನೋವೆಂದು ಹೇಳಲೂ ಶಕ್ತರಲ್ಲದ ಹಿರಿಯರ ಕಷ್ಟ ಎಲ್ಲಕ್ಕಿಂತ ಹೆಚ್ಚಿನದು. ಸ್ನಾನಕ್ಕೆ ಎಬ್ಬಿಸಿದಾಗ ಹೊಡೆಯಲು ಬರುವುದು, ಊಟ ಬಿಡುವುದು, ಹುಬ್ಬು ಗಂಟಿಕ್ಕಿಕೊಳ್ಳುವುದು, ರಾತ್ರಿ ಕೂಗುವುದು, ಇವುಗಳನ್ನು ಮನಸ್ಸಿನ ವಿಕಾರವೆಂದು ಎಣಿಸಿ ನಿದ್ರೆಯ ಮಾತ್ರೆ ಕೊಡುವುದೇ ರೂಢಿ. ನಾರ್ವೆಯ ವೃದ್ಧಾಶ್ರಮಗಳಲ್ಲಿ ನಡೆದು ೨೦೧೧ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಇಂಥ ರೋಗಿಗಳಿಗೆ ಕ್ರಮವಾಗಿ ನೋವಿನ ಚಿಕಿತ್ಸೆಯನ್ನು ಕೊಟ್ಟಾಗ ಅವರ ಉದ್ರೇಕ ಗಣನೀಯವಾಗಿ ಇಳಿಯಿತು. ಬಹುಪಾಲು ಮಂದಿಗೆ ಕೊಟ್ಟದ್ದು ಪ್ಯಾರಾಸಿಟಮಾಲ್ ಅಷ್ಟೇ. ಅಂಥವರನ್ನು ನೋಡಿಕೊಳ್ಳುವವರು, ಮೈ ಅಲುಗಿಸುವಾಗ ಮುಖ ಹೇಗಾಗುತ್ತದೆ, ಯಾವ ಕಾಲನ್ನು ಮುಟ್ಟಿದರೆ ಕೈ ಹಿಡಿದು ತಡೆಯುತ್ತಾರೆ ಎಂಬುದನ್ನು ಕೆಲವು ದಿನ ಗಮನಿಸಿ ಬರೆದಿಟ್ಟು, ನೋವಿನ ಮಾತ್ರೆಯನ್ನು ಸ್ನಾನಕ್ಕೆ ಮುಕ್ಕಾಲು ಗಂಟೆ ಮುಂಚೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿ ನೋಡಬೇಕು.